ಪಂಚಮಿ ಸೀರೆ, ಪಾಲಿನ ಪತ್ರ

ಶ್ರಾವಣದ ನಾಗರ ಪಂಚಮಿ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಬಸ್ ನಿಲ್ದಾಣಗಳಲ್ಲಿ ತವರಿಗೆ ಹೊರಟ ಹೆಣ್ಣುಮಕ್ಕಳದೇ ಗದ್ದಲ. ಕರೆಯಲು ಬಂದ ಅಣ್ಣ ತಮ್ಮಂದಿರು ಚೀಲ ಹಿಡಿದು ಮುಂದೆ, ಕೂಸುಗಳನ್ನು ಸೊಂಟಕ್ಕೇರಿಸಿದ ಅಕ್ಕ ತಂಗಿಯರು ಹಿಂದೆ. ಮನೆ ಮುಟ್ಟಿದರೆ ಶೇಂಗಾ ಉಂಡಿ, ಜೋಳದ ಅಳ್ಳು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ. ಹಬ್ಬ ಮುಗಿಸಿ ಗಂಡನ ಮನೆಗೆ ಮರಳುವಾಗ ಉಡಿ ತುಂಬಿ, ಒಂದು ಸೀರೆ, ಒಂದು ಕುಬಸದ ಕಣ ಕೊಟ್ಟು ಕಳಿಸುತ್ತಾರೆ. ಈ ಸೀಮೆಯ ಹೆಣ್ಣುಮಗಳಿಗೆ ಆ ಸೀರೆ ಬರಿ ಬಟ್ಟೆಯಲ್ಲ. ತವರಿನ ಬಾಗಿಲು ಇನ್ನೂ ತೆರೆದಿದೆ ಎಂಬುದಕ್ಕೆ ಅದೇ ಪುರಾವೆ.

ಕೆಲವು ಮನೆಗಳಲ್ಲಿ ಅದೇ ಹಬ್ಬದ ಮರುದಿನ ಇನ್ನೊಂದು ಕೆಲಸವೂ ಮುಗಿಯುತ್ತದೆ. ತಂದೆ ತೀರಿ ವರ್ಷವಾಗಿರುತ್ತದೆ, ಉತಾರದಲ್ಲಿ ವಾರಸಾ ಮಾಡಿಸಬೇಕಿರುತ್ತದೆ, ಸೊಸೈಟಿಯಲ್ಲಿ ಬೆಳೆ ಸಾಲ ತಗೊಳ್ಳಬೇಕಿರುತ್ತದೆ. “ಅಕ್ಕಾ, ಹೆಂಗೂ ಬಂದೀಯಲ್ಲ, ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗಿ ಒಂದು ಸಹಿ ಮಾಡಿ ಬಂದುಬಿಡೂಣು” ಎನ್ನುತ್ತಾನೆ ತಮ್ಮ. ಬಾಂಡ್ ರೈಟರ್ ಬರೆದಿಟ್ಟ ಕಾಗದದ ಹೆಸರು ಹಕ್ಕು ಬಿಡುಗಡೆ ಪತ್ರ. ಓದಿ ಹೇಳುವವರಿಲ್ಲ, ಓದಿಸಿಕೊಳ್ಳುವ ಧೈರ್ಯವೂ ಇಲ್ಲ. ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು, ಬೀದಿಯ ಹೋಟೆಲಿನಲ್ಲಿ ಚಹಾ ಕುಡಿದು ಅಕ್ಕ ಮನೆಗೆ ಬರುತ್ತಾಳೆ.

ಆಸ್ತಿಯ ಮಾತು ಬಂದಾಗಲೆಲ್ಲ ಈ ಸೀಮೆಯ ಓದುಗರು ಕೇಳುವುದು ಒಂದೇ ಪ್ರಶ್ನೆ: ಅಪ್ಪನ ಹೊಲದಾಗ ನಮಗ ಪಾಲು ಐತೇನ್ರಿ? ಒಂದೇ ಸಾಲಿನ ಪ್ರಶ್ನೆ ಹೌದು, ಆದರೆ ಒಂದೇ ಸಾಲಿನ ಉತ್ತರ ಇಲ್ಲ. ಕೇಳುವವಳು ಯಾವ ಧರ್ಮದ ಮನೆಯಲ್ಲಿ ಹುಟ್ಟಿದಳು, ಆಕೆಯ ಮದುವೆ ಯಾವ ತಾರೀಖಿಗೆ ಆಯಿತು, ಆಕೆಯ ತಾಯಿಗೆ ಮದುವೆಯಾಗಿತ್ತೋ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರೋ, ಇದರ ಮೇಲೆ ಪಾಲು ಬದಲಾಗುತ್ತದೆ.

ಬನಹಟ್ಟಿಯ ಯಾವುದಾದರೂ ನೇಕಾರ ಓಣಿಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬೆಳಗಿನಿಂದ ರಾತ್ರಿವರೆಗೆ ಎಲ್ಲ ಮನೆಗಳಿಂದಲೂ ಒಂದೇ ಪವರ್‌ಲೂಮಿನ ಸದ್ದು. ಲಿಂಗಾಯತರ ಮನೆ, ದೇವಾಂಗರ ಮನೆ, ಜೈನರ ಮನೆ, ಮುಸ್ಲಿಮರ ಮನೆ ಒಂದಕ್ಕೊಂದು ಗೋಡೆ ಹಂಚಿಕೊಂಡಿವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮು ವೀರಶೈವ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರನ್ನೆಲ್ಲ ಹೆಸರು ಹಿಡಿದೇ ಒಳಗೆ ಸೇರಿಸಿಕೊಂಡಿದೆ. ಆದ್ದರಿಂದ ಮೊದಲ ಮೂರು ಮನೆಯ ಮಗಳಿಗೆ ಇಂದು ಮಗನ ಸಮ ಪಾಲು. ನಾಲ್ಕನೆಯ ಮನೆಯ ಮಗಳಿಗೆ ಮಗನ ಪಾಲಿನ ಅರ್ಧ. ಅದೇ ಓಣಿಯಲ್ಲಿ ಕ್ರೈಸ್ತರ ಮನೆಯೊಂದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಅಲ್ಲಿ ಮತ್ತೆ ಸಮ ಪಾಲು. ನೂಲು ಒಂದೇ, ಮಗ್ಗ ಒಂದೇ, ಮಗಳ ಲೆಕ್ಕ ಬೇರೆ.

ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ ಕಲ್ಯಾಣ ಸಿಗುತ್ತದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆಯೇ ಮಿತಾಕ್ಷರ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಶತಮಾನಗಟ್ಟಲೆ ಹಂಚಿಹೋದದ್ದು ಈ ಕನ್ನಡ ನೆಲದ ಪಂಡಿತನ ಪುಸ್ತಕ ಹಿಡಿದು. ಗಂಡುಮಗು ಹುಟ್ಟಿದ ಕ್ಷಣದಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರ ಎಂಬ ನಿಯಮ ಅಲ್ಲಿಯದು, ಮಗಳಿಗೆ ಆ ಜನ್ಮದ ಹಕ್ಕು ಇರಲಿಲ್ಲ. ಆದರೆ ಅದೇ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ಬಲು ಅಗಲವಾಗಿ ಹಿಡಿದಿದ್ದ. ಹೆಣ್ಣಿಗೆ ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಆಕೆಯ ಸ್ತ್ರೀಧನ ಎಂಬುದು ಅವನ ಮಾತು. ಆ ಅಗಲವನ್ನು ಕಿರಿದು ಮಾಡಿದ್ದು ಶಾಸ್ತ್ರವಲ್ಲ, ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯಾಧೀಶರು. ಹೆಣ್ಣಿಗೆ ಬಂದ ವಾರಸಿನ ಆಸ್ತಿ ಬದುಕಿರುವ ತನಕ ಅನುಭವಿಸಲು ಮಾತ್ರ ಎಂದು ಹತ್ತೊಂಬತ್ತನೇ ಶತಮಾನದ ತೀರ್ಪುಗಳು ಹೇಳುತ್ತ ಹೋದವು. ಮುಂಬೈ ಹೈಕೋರ್ಟು ಮಾತ್ರ ತಂದೆಯಿಂದ ಮಗಳಿಗೆ ಬಂದ ಆಸ್ತಿ ಆಕೆಯದೇ ಪೂರ್ಣ ಸ್ವತ್ತು ಎಂಬ ನಿಲುವನ್ನು ಬಿಡಲಿಲ್ಲ. ಗಂಡುಮಕ್ಕಳಿಲ್ಲದ ಮನೆಯ ಮಗಳಿಗಷ್ಟೇ ಅದರ ಲಾಭ, ನಿಜ. ಆದರೂ ಧರ್ಮದ ಕಾನೂನು ಎಂದು ನಾವು ಕರೆಯುವುದರಲ್ಲಿ ಧರ್ಮಗ್ರಂಥದ ಮಾತೆಷ್ಟು, ಅದನ್ನು ಓದಿದ ಮನುಷ್ಯರ ತೀರ್ಮಾನವೆಷ್ಟು ಎಂಬುದು ಇಲ್ಲಿ ಕಾಣುತ್ತದೆ.

ಈ ಸೀಮೆಯಲ್ಲಿ ಇನ್ನೊಂದು ತೊಡಕೂ ಇತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿ. ಮುಂಬೈ ಶಾಸನಸಭೆ ಮಾಡಿದ ಕಾಯ್ದೆ ಬೀಳಗಿಗೆ ತಾನಾಗಿ ಬರುತ್ತಿತ್ತು, ಸಂಸ್ಥಾನಗಳ ಗಡಿಯಲ್ಲಿ ನಿಲ್ಲುತ್ತಿತ್ತು. ಇತ್ತ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಸಣ್ಣದಾದರೂ ಒಂದು ಪಾಲು ಕೊಟ್ಟಿತು. ಕೃಷ್ಣಾ ತೀರದ ಹೆಣ್ಣುಮಕ್ಕಳಿಗೆ ಆ ಭಾಗ್ಯ ಇರಲಿಲ್ಲ. 1948ರಲ್ಲಿ ಸಂಸ್ಥಾನಗಳು ಮುಂಬೈ ರಾಜ್ಯದಲ್ಲಿ ಸೇರಿದವು, 1956ರ ನವೆಂಬರಿನಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಅದೇ ವರ್ಷದ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾಗಿತ್ತು.

ಆ ಕಾಯ್ದೆ ಮಗಳನ್ನು ವಾರಸುದಾರಳನ್ನಾಗಿ ಮಾಡಿತು, ಆದರೆ ಪಿತ್ರಾರ್ಜಿತದಲ್ಲಿ ಜನ್ಮದ ಹಕ್ಕು ಕೊಡಲಿಲ್ಲ. ಅಪ್ಪನ ಪಾಲಿಗೆ ಬರುವ ತುಂಡಿನಲ್ಲಿ ಒಂದು ತುಂಡು, ಅಷ್ಟೇ. ಅದರ 23ನೇ ಕಲಮು ನೇಕಾರರ ಮನೆಗೆ ವಿಶೇಷವಾಗಿ ಕಠಿಣವಾಗಿತ್ತು. ಕುಟುಂಬ ವಾಸವಿರುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣು ಕೇಳುವಂತಿರಲಿಲ್ಲ. ಹೊಲವಿಲ್ಲದ, ಮನೆಯೇ ಕಾರಖಾನೆಯಾದ ಕುಟುಂಬದಲ್ಲಿ ಮನೆ ಕೇಳಬಾರದು ಎಂದರೆ ಏನನ್ನೂ ಕೇಳಬಾರದು ಎಂದೇ ಅರ್ಥ. ಆ ಕಲಮು ಬಿದ್ದುಹೋದದ್ದು 2005ರಲ್ಲಿ.

ನಡುವೆ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿತು. ಮಗಳಿಗೂ ಜನ್ಮದ ಹಕ್ಕು ಕೊಡುವ ರಾಜ್ಯದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು. ಆದರೆ ಅದಕ್ಕಿಂತ ಮೊದಲು ಮದುವೆಯಾದವಳಿಗೆ ಇದು ಅನ್ವಯಿಸುವುದಿಲ್ಲ ಎಂಬ ಷರತ್ತಿತ್ತು. ಒಂದೇ ಮನೆಯ ಇಬ್ಬರು ಅಕ್ಕ ತಂಗಿಯರಲ್ಲಿ ಆ ವರ್ಷದ ಬೇಸಿಗೆಯಲ್ಲಿ ಅಕ್ಷತೆ ಬಿದ್ದ ಅಕ್ಕನಿಗೆ ಆ ಹಕ್ಕಿಲ್ಲ, ಮುಂದಿನ ಬೇಸಿಗೆಯಲ್ಲಿ ಮದುವೆಯಾದ ತಂಗಿಗೆ ಅಣ್ಣನ ಸಮ ಪಾಲು. ಲಗ್ನದ ಮುಹೂರ್ತ ತೆಗೆದ ಅಯ್ಯನವರಿಗೂ ಗೊತ್ತಿರಲಿಲ್ಲ, ಆ ತಾರೀಖಿಗೆ ಎಷ್ಟು ಎಕರೆಯ ತೂಕವಿದೆ ಎಂದು.

2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಮದುವೆಯ ಷರತ್ತನ್ನು ಕಿತ್ತುಹಾಕಿತು. ಅಷ್ಟಕ್ಕೇ ಮುಗಿಯಲಿಲ್ಲ. ಆ ದಿನಕ್ಕಿಂತ ಮೊದಲೇ ತಂದೆ ತೀರಿದ್ದರೆ? ಈ ಪ್ರಶ್ನೆ ಸುಪ್ರೀಂ ಕೋರ್ಟು ಮುಟ್ಟಿದ್ದು ನಮ್ಮ ಪಕ್ಕದ ಬೆಳಗಾವಿಯಿಂದಲೇ. 1988ರಲ್ಲಿ ತಂದೆಯನ್ನು ಕಳೆದುಕೊಂಡ ಮಗಳೊಬ್ಬಳು 1992ರಲ್ಲಿ ಬೆಳಗಾವಿ ಕೋರ್ಟಿನಲ್ಲಿ ಏಳರಲ್ಲಿ ಒಂದು ಪಾಲಿಗಾಗಿ ಹೂಡಿದ ದಾವೆ ಪ್ರಕಾಶ್ ವಿರುದ್ಧ ಫೂಲವತಿ ಎಂಬ ಹೆಸರಿನಲ್ಲಿ 2015ರ ಅಕ್ಟೋಬರಿನಲ್ಲಿ ತೀರ್ಮಾನವಾಯಿತು. ಜೀವಂತ ತಂದೆಯ ಜೀವಂತ ಮಗಳಿಗೆ ಮಾತ್ರ ಈ ಹಕ್ಕು ಎಂದಿತು ಕೋರ್ಟು. ಇಪ್ಪತ್ಮೂರು ವರ್ಷ ಕಾದ ದಾವೆ. 2018ರ ಫೆಬ್ರುವರಿ 1ರಂದು ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆ, ದಾನಮ್ಮ ವಿರುದ್ಧ ಅಮರ್. ಇಲ್ಲಿ ತಂದೆ 2001ರಲ್ಲೇ ತೀರಿದ್ದ, ಆದರೂ ಇಬ್ಬರು ಹೆಣ್ಣುಮಕ್ಕಳಿಗೆ ಐದರಲ್ಲಿ ಒಂದೊಂದು ಪಾಲು ಸಿಕ್ಕಿತು. ಒಂದಕ್ಕೊಂದು ತಾಳೆಯಾಗದ ಈ ಎರಡು ತೀರ್ಪುಗಳ ಗೋಜಲನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಿಡಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ.

ಅದೇ ತೀರ್ಪಿನ ಇನ್ನೊಂದು ಭಾಗ ಈ ಸೀಮೆಯವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲುಗಳನ್ನು ಕಾಯ್ದೆ ಮುಟ್ಟುವುದಿಲ್ಲ, ಆದರೆ ಆ ಪಾಲು ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿರಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಾಲು ಆಗುತ್ತಿದ್ದದ್ದು ಹಾಗಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ವಾಟ್ನಿ ಮಾಡುವುದು, ಅಣ್ಣತಮ್ಮಂದಿರು ತಲಾಟಿಗೆ ವರ್ದಿ ಕೊಡುವುದು, ಉತಾರದಲ್ಲಿ ಹೆಸರು ಏರುವುದು. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಬಾರದು, ಸರಕಾರಿ ದಾಖಲೆಗಳು ಗಟ್ಟಿಯಾಗಿದ್ದರೆ ಅಪರೂಪಕ್ಕೆ ಒಪ್ಪಬಹುದು ಎಂದು ಸುಪ್ರೀಂ ಕೋರ್ಟು ಹೇಳಿದೆ. ವರ್ದಿಯ ಕಾಗದ ಎಷ್ಟು ಹಳೆಯದು, ಆಮೇಲೆ ಆ ಪ್ರಕಾರ ಉಳುಮೆ ನಡೆದಿದೆಯೋ, ಮುದ್ದಾಂ ಮಗಳನ್ನು ತಪ್ಪಿಸಲು ಹುಟ್ಟಿಸಿದ್ದೋ ಎಂಬುದರ ಮೇಲೆ ಇಂದಿಗೂ ಈ ಭಾಗದ ಕೋರ್ಟುಗಳಲ್ಲಿ ಜಗಳ ನಡೆಯುತ್ತದೆ.

ಇಷ್ಟು ನಾಲ್ಕು ಮನೆಗಳಲ್ಲಿ ಮೂರು ಮನೆಯ ಕತೆ. ನಾಲ್ಕನೆಯ, ಮುಸ್ಲಿಂ ಮನೆಯ ಕತೆ ಗ್ರೀಸ್ ದೇಶದಿಂದ ಶುರುಮಾಡುವುದು ಒಳ್ಳೆಯದು.

ಗ್ರೀಸಿನ ಈಶಾನ್ಯದ ಥ್ರೇಸ್ ಪ್ರಾಂತದಲ್ಲಿ ಕೊಮೊಟಿನಿ ಎಂಬ ಊರಿದೆ. ಮೊದಲ ಮಹಾಯುದ್ಧದ ನಂತರ, 1923ರ ಲೋಸಾನ್ ಒಪ್ಪಂದದ ಕಾಲದಿಂದ ಅಲ್ಲಿಯ ಮುಸ್ಲಿಂ ಅಲ್ಪಸಂಖ್ಯಾತರಿಗೆ ವಿಶೇಷ ರಕ್ಷಣೆ ಇತ್ತು. ಅದರ ನೆರಳಿನಲ್ಲಿ ಮದುವೆ, ವಾರಸುಗಳಿಗೆ ಷರೀಯತ್ ಕಾನೂನು ನಡೆದು ಬಂತು. ಅಲ್ಲಿಯ ಮೊಲ್ಲಾ ಸಾಲಿ ಎಂಬ ಮಕ್ಕಳಿಲ್ಲದ ಗಂಡಸು 2003ರಲ್ಲಿ, ಎಲ್ಲ ಗ್ರೀಕ್ ಪ್ರಜೆಗಳು ಬರೆಸುವಂತೆ ನೋಟರಿಯ ಮುಂದೆ ಮೃತ್ಯುಪತ್ರ ಬರೆಸಿ ತನ್ನದೆಲ್ಲವನ್ನೂ ಹೆಂಡತಿಗೆ ಬಿಟ್ಟ. 2008ರಲ್ಲಿ ಅವನು ತೀರಿದ ಮೇಲೆ ಅವನ ಇಬ್ಬರು ಅಕ್ಕ ತಂಗಿಯರು ಕೋರ್ಟಿಗೆ ಹೋದರು: ನಮ್ಮ ಅಣ್ಣ ಮುಸ್ಲಿಂ, ಮುಸ್ಲಿಮನ ಮೃತ್ಯುಪತ್ರಕ್ಕೆ ಬೆಲೆಯಿಲ್ಲ, ನಾಲ್ಕರಲ್ಲಿ ಮೂರು ಪಾಲು ನಮಗೆ ಬರಬೇಕು. ಕೆಳಗಿನ ಎರಡು ಕೋರ್ಟುಗಳು ವಿಧವೆಯ ಪರವಾಗಿ ಹೇಳಿದವು, ಗ್ರೀಸಿನ ಅತ್ಯುನ್ನತ ಕೋರ್ಟು 2013ರಲ್ಲಿ ತಿರುಗಿಸಿತು. ಆಕೆ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದ ಬಾಗಿಲು ಬಡಿದಳು.

2018ರ ಡಿಸೆಂಬರ್ 19ರಂದು ಆ ನ್ಯಾಯಾಲಯದ ದೊಡ್ಡ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಷರೀಯತ್ ಸರಿಯೋ ತಪ್ಪೋ ಎಂಬ ಚರ್ಚೆಗೆ ಅದು ಹೋಗಲಿಲ್ಲ. ಅದು ಕೇಳಿದ ಪ್ರಶ್ನೆ ಬೇರೆ: ಇದೇ ಗಂಡ ಮುಸ್ಲಿಂ ಅಲ್ಲದೆ ಕ್ರೈಸ್ತನಾಗಿದ್ದರೆ ಈ ಹೆಂಡತಿಗೆ ಪೂರ್ತಿ ಆಸ್ತಿ ಸಿಗುತ್ತಿತ್ತೋ ಇಲ್ಲವೋ? ಸಿಗುತ್ತಿತ್ತು ಎಂದಾದರೆ ಗಂಡನ ಧರ್ಮದ ಕಾರಣಕ್ಕೆ ಆಕೆಗೆ ಆದದ್ದು ತಾರತಮ್ಯ. ಅಲ್ಪಸಂಖ್ಯಾತರನ್ನು ರಕ್ಷಿಸುವ ಹೆಸರಿನಲ್ಲಿ, ಬೇಡವೆಂದವರನ್ನೂ ಆ ಸಮುದಾಯದ ಕಾನೂನಿನೊಳಗೆ ಸರಕಾರ ಕಟ್ಟಿಹಾಕುವಂತಿಲ್ಲ. ತಾನು ಯಾವ ಗುಂಪಿನವನು ಎಂದು ಹೇಳಿಕೊಳ್ಳುವ ಸ್ವಾತಂತ್ರ್ಯದಲ್ಲಿ ಆ ಗುಂಪಿನ ನಿಯಮ ತನಗೆ ಬೇಡ ಎನ್ನುವ ಸ್ವಾತಂತ್ರ್ಯವೂ ಸೇರಿದೆ. ತೀರ್ಪು ಬರುವ ಮೊದಲೇ, ಅದೇ ವರ್ಷದ ಜನವರಿಯಲ್ಲಿ ಗ್ರೀಸ್ ಕಾನೂನು ಬದಲಿಸಿ ಷರೀಯತ್ತನ್ನು ಒಪ್ಪಿದವರಿಗೆ ಮಾತ್ರ ಉಳಿಸಿತ್ತು.

ಈ ಆಯ್ಕೆಯ ಮಾತೇ ಭಾರತದಲ್ಲಿ ಕಾಣೆಯಾಗಿರುವುದು. ಇಲ್ಲಿಯ ಮುಸ್ಲಿಂ ತಂದೆ ಮಗಳಿಗೆ ಹೆಚ್ಚು ಕೊಡಬೇಕೆಂದು ಮೃತ್ಯುಪತ್ರ ಬರೆದರೂ ಉಳಿದ ವಾರಸುದಾರರು ಒಪ್ಪದಿದ್ದರೆ ನಿಲ್ಲುವುದಿಲ್ಲ. ಹೊರಗಿನವರಿಗೆ ಬರೆದರೆ ಮೂರರಲ್ಲಿ ಒಂದು ಪಾಲಿನ ಮಿತಿ. ಒಂದು ಮಾತನ್ನು ಮರೆಯಬಾರದು, ಕಲ್ಯಾಣದಲ್ಲಿ ಮಿತಾಕ್ಷರ ಹುಟ್ಟುವ ಶತಮಾನಗಳ ಮೊದಲೇ ಕುರಾನು ಮಗಳಿಗೆ, ಹೆಂಡತಿಗೆ, ತಾಯಿಗೆ ಇಂತಿಷ್ಟು ಎಂದು ಪಾಲು ಬರೆದಿಟ್ಟಿತ್ತು. ಹಿಂದೂ ಮಗಳಿಗೆ ಏನೂ ಇಲ್ಲದ ಕಾಲದಲ್ಲಿ ಆ ಅರ್ಧ ದೊಡ್ಡದಾಗಿತ್ತು. ಇಂದು ಪಕ್ಕದ ಮನೆಯಲ್ಲಿ ಸಮ ಪಾಲು ಇರುವಾಗ ಅದು ಅರ್ಧವಾಗಿಯೇ ಕಾಣುತ್ತದೆ. 2025ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಹಂಚಾಟೆ ಸಂಜೀವಕುಮಾರ್ ಅವರು ತೀರಿಕೊಂಡ ಮುಸ್ಲಿಂ ಮಹಿಳೆಯೊಬ್ಬರ ಆಸ್ತಿಯನ್ನು ಆಕೆಯ ಗಂಡ, ಅಣ್ಣತಮ್ಮಂದಿರು, ಸಹೋದರಿಯ ನಡುವೆ ಹಂಚಬೇಕಾಗಿ ಬಂದಾಗ ಈ ವ್ಯತ್ಯಾಸವನ್ನೇ ಎತ್ತಿ ತೋರಿಸಿ, ಸಮಾನ ಕಾನೂನಿನ ಕಡೆಗೆ ಕೇಂದ್ರ ಮತ್ತು ರಾಜ್ಯ ಸರಕಾರಗಳು ಯೋಚಿಸಬೇಕೆಂದು ಹೇಳಿದರು. ಹೇಳಬಹುದಿತ್ತು ಅಷ್ಟೇ, ಸಹೋದರಿಗೆ ಅಣ್ಣನ ಸಮ ಪಾಲು ಕೊಡಲು ಅವರ ಕೈಯಲ್ಲಿ ಕಾನೂನಿರಲಿಲ್ಲ.

ಯಾಕೆ ಇರಲಿಲ್ಲ ಎಂಬುದರ ಬೇರು 1951ರಲ್ಲಿದೆ. ಆಗ ಜಮಖಂಡಿ, ಮುಧೋಳ, ಬೀಳಗಿ ಎಲ್ಲವೂ ಮುಂಬೈ ರಾಜ್ಯದಲ್ಲಿದ್ದವು, ಮುಂಬೈ ಹೈಕೋರ್ಟೇ ಇಲ್ಲಿಯ ಹೈಕೋರ್ಟು. ನರಸು ಅಪ್ಪಾ ಮಾಳಿ ಎಂಬ ಪ್ರಕರಣದಲ್ಲಿ ಎಂ.ಸಿ. ಛಾಗ್ಲಾ ಮತ್ತು ಪಿ.ಬಿ. ಗಜೇಂದ್ರಗಡಕರ್ ಅವರ ಪೀಠ, ಶಾಸನವಾಗಿ ಬರೆದಿಡದ ವೈಯಕ್ತಿಕ ಕಾನೂನನ್ನು ಸಂವಿಧಾನದ ಸಮಾನತೆಯ ಒರೆಗೆ ಹಚ್ಚಲಾಗದು ಎಂದು ತೀರ್ಪಿತ್ತಿತು. ವಿಷಯ ಇದ್ದದ್ದು ದ್ವಿಪತ್ನಿತ್ವದ್ದು, ಪರಿಣಾಮ ಆದದ್ದು ಎಲ್ಲ ಧರ್ಮಗಳ ಎಲ್ಲ ಹೆಣ್ಣುಮಕ್ಕಳ ಮೇಲೆ. ಸ್ಟ್ರಾಸ್‌ಬರ್ಗಿನ ನ್ಯಾಯಾಧೀಶರು ಕೇಳಿದ ಸರಳ ಪ್ರಶ್ನೆಯನ್ನು ಇಲ್ಲಿ ಕೇಳುವುದಕ್ಕೆ ಈ ತೀರ್ಪು ಇಂದಿಗೂ ಅಡ್ಡ.

ಇದ್ದ ಒಂದು ಕಿಂಡಿಯನ್ನು ತೋರಿಸಿಕೊಟ್ಟದ್ದು ಕಾಸರಗೋಡು. ಮಲಯಾಳಿ ವಕೀಲ, ನಟ ಸಿ. ಶುಕ್ಕೂರ್ ಅವರಿಗೆ ಮೂವರು ಹೆಣ್ಣುಮಕ್ಕಳು, ಗಂಡುಮಗನಿಲ್ಲ. ಷರೀಯತ್ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ಒಟ್ಟು ಮೂರರಲ್ಲಿ ಎರಡು ಪಾಲಷ್ಟೇ, ಉಳಿದದ್ದರಲ್ಲಿ ಶುಕ್ಕೂರ್ ಅವರ ಸಹೋದರರಿಗೆ ಹಕ್ಕು. ಎಂದೋ ನಿಕಾಹ್ ಆಗಿದ್ದ ಗಂಡ ಹೆಂಡತಿ 2023ರ ಮಾರ್ಚ್ 8ರಂದು, ಮಹಿಳಾ ದಿನದಂದೇ, ಹೊಸದುರ್ಗದ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಮಕ್ಕಳ ಎದುರಿಗೆ 1954ರ ವಿಶೇಷ ವಿವಾಹ ಕಾಯ್ದೆಯಡಿ ಮತ್ತೊಮ್ಮೆ ಮದುವೆಯಾದರು. ಹಾಗೆ ನೋಂದಾಯಿಸಿದವರ ವಾರಸು ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಒಳಪಡುತ್ತದೆ, ಅಲ್ಲಿ ಮಗ ಮಗಳೆಂಬ ಭೇದವಿಲ್ಲ. ಅವರಿಗೆ ಬೆದರಿಕೆಗಳೂ ಬಂದವು, ಅವರು ಹಿಂದೆ ಸರಿಯಲಿಲ್ಲ. ಜಮಖಂಡಿ, ಮುಧೋಳದ ಸಬ್ ರಜಿಸ್ಟ್ರಾರ್ ಕಚೇರಿಗಳಲ್ಲೂ ಅದೇ ಕಾಯ್ದೆ ಇದೆ. ಮದುವೆಯಾದ ದಂಪತಿ ಮಾತ್ರ ಈ ಕಿಂಡಿಯಿಂದ ದಾಟಬಹುದು, ಧರ್ಮದ ನಿಯಮ ಬೇಡವೆನ್ನುವ ಒಂಟಿ ಹೆಣ್ಣುಮಗಳಿಗೆ ಕಿಂಡಿಯಿಲ್ಲ. ಅಂಥ ಒಬ್ಬ ಕೇರಳದ ಮಹಿಳೆಯ ಅರ್ಜಿಗೆ 2024ರಲ್ಲಿ ಸುಪ್ರೀಂ ಕೋರ್ಟು ನೋಟಿಸು ಕೊಟ್ಟಿತು. ಒಬ್ಬರ ಮೇಲೆ ಹೇರದೆ, ಬಯಸುವ ಪ್ರತಿಯೊಬ್ಬರಿಗೂ ಸಮಾನ ಪಾಲಿನ ಕಾನೂನನ್ನು ಆರಿಸಿಕೊಳ್ಳುವ ದಾರಿ ತೆರೆದರೆ ಬನಹಟ್ಟಿಯ ಆ ನಾಲ್ಕನೆಯ ಮನೆಯ ತಂದೆಗೆ ತನ್ನ ಮಗಳಿಗೆ ನ್ಯಾಯ ಮಾಡುವ ಅವಕಾಶ ಸಿಗುತ್ತದೆ. ಅಷ್ಟನ್ನು ಕೊಡಲು ಸರಕಾರಕ್ಕೆ ಇಷ್ಟು ವರ್ಷ ಬೇಕಾಗಬಾರದಿತ್ತು.

ಓಣಿಯ ಕೊನೆಗೆ ಇನ್ನೊಂದು ಮನೆಯಿದೆ. ಅದರ ಬಗ್ಗೆ ಆಸ್ತಿಯ ಚರ್ಚೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿ ಮುಧೋಳ, ಜಮಖಂಡಿಯ ಸುತ್ತಮುತ್ತ ಬಹುಕಾಲ ನಡೆಯಿತು. ಅದರ ಹಿಂದೆ ಭಕ್ತಿ, ಬಡತನ, ಜಾತಿಯ ದಬ್ಬಾಳಿಕೆಗಳ ಜೊತೆಗೆ ಆಸ್ತಿಯ ಒಂದು ಲೆಕ್ಕವೂ ಇತ್ತು. ಗಂಡುಮಗನಿಲ್ಲದ ದಲಿತ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿದರೆ ಆಕೆ ಮನೆಯ ಮಗನಾಗುತ್ತಾಳೆ. ಗಂಡನ ಮನೆಗೆ ಹೋಗುವುದಿಲ್ಲ, ಅಪ್ಪನ ಚಿತೆಗೆ ಬೆಂಕಿ ಇಡುತ್ತಾಳೆ, ಮನೆ ಹೊಲ ಆಕೆಗೂ ಆಕೆಯ ಮಕ್ಕಳಿಗೂ ಬರುತ್ತದೆ. ಅಂದರೆ ಹೆಣ್ಣಿಗೆ ಗಂಡಿನ ಹಕ್ಕು ಸಿಗಬೇಕಾದರೆ ಮದುವೆಯ ಬದುಕನ್ನೇ ಬೆಲೆಯಾಗಿ ತೆರಬೇಕು ಎಂಬ ಕರಾರು. ಮುಂಬೈ ಸರಕಾರ 1934ರಲ್ಲಿ ದೇವದಾಸಿ ರಕ್ಷಣಾ ಕಾಯ್ದೆ ತಂದಾಗ ಅದು ಬೀಳಗಿಗೆ ಬಂತು, ಸಂಸ್ಥಾನಗಳ ಹಳ್ಳಿಗಳಿಗೆ ಬರಲಿಲ್ಲ. ಕರ್ನಾಟಕದ ನಿಷೇಧ ಕಾಯ್ದೆ 1982ರದು. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು.

ಅವರ ಮಕ್ಕಳ ಪಾಡೇನು? ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ತಾಯಿಯ ಸಂಬಂಧ ಉಂಟು, ತಂದೆಯದಿಲ್ಲ. 2023ರ ಸೆಪ್ಟೆಂಬರ್ 1ರಂದು ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೆ ತಂದೆಯ ಪಿತ್ರಾರ್ಜಿತ ಪಾಲಿನಲ್ಲೂ ಹಕ್ಕುಂಟು ಎಂದಿತು. ಆದರೆ ಅದಕ್ಕೆ ಅಸಿಂಧುವಾದರೂ ಒಂದು ಮದುವೆ ನಡೆದಿರಬೇಕು. ದೇವರೊಂದಿಗೆ ಮದುವೆಯಾದವಳ ಮಗು ಅಲ್ಲಿಯೂ ಹೊರಗೇ. ಯುರೋಪಿನ ನ್ಯಾಯಾಲಯ ಈ ಪ್ರಶ್ನೆಯನ್ನು 1979ರಲ್ಲೇ ಎದುರಿಸಿತ್ತು. ಪೌಲಾ ಮಾರ್ಕ್ಸ್ ಎಂಬ ಬೆಲ್ಜಿಯಂನ ಪತ್ರಕರ್ತೆ ಮದುವೆಯಿಲ್ಲದೆ ತಾಯಿಯಾದಾಗ, ಹೆತ್ತ ಮಗಳನ್ನೇ ಕಾನೂನಿನ ಪ್ರಕಾರ ದತ್ತು ತೆಗೆದುಕೊಳ್ಳಬೇಕಾಯಿತು, ಆದರೂ ತಾಯಿಯ ಕಡೆಯ ಬಂಧುಗಳ ವಾರಸು ಆ ಮಗುವಿಗಿರಲಿಲ್ಲ. ಮಗುವಿನ ಹುಟ್ಟಿನ ರೀತಿ ನೋಡಿ ಪಾಲು ಕಡಿಯುವುದು ತಾರತಮ್ಯ ಎಂದಿತು ಸ್ಟ್ರಾಸ್‌ಬರ್ಗ್. ಆಫ್ರಿಕಾದ ಮಾನವ ಹಕ್ಕುಗಳ ನ್ಯಾಯಾಲಯವೂ 2018ರ ಮೇ ತಿಂಗಳಲ್ಲಿ ಮಾಲಿ ದೇಶದ ಕುಟುಂಬ ಸಂಹಿತೆಯನ್ನು, ಅದರ ಧಾರ್ಮಿಕ ವಾರಸು ನಿಯಮಗಳು ಹೆಣ್ಣುಮಕ್ಕಳಿಗೂ ಮದುವೆಯ ಹೊರಗೆ ಹುಟ್ಟಿದವರಿಗೂ ಅನ್ಯಾಯ ಮಾಡುತ್ತವೆ ಎಂಬ ಕಾರಣಕ್ಕೆ ತಪ್ಪೆಂದು ಸಾರಿತು. ಕರ್ನಾಟಕದ ವಿಧಾನಮಂಡಲ 2025ರ ಆಗಸ್ಟಿನಲ್ಲಿ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ ಆ ಮಕ್ಕಳು ತಂದೆ ಯಾರೆಂದು ಗುರುತಿಸಿಕೊಳ್ಳುವ ದಾರಿ ತೆರೆದಿದೆ. ತಡವಾಗಿ ಬಂದ, ಆದರೆ ಬರಲೇಬೇಕಿದ್ದ ಮಾತು ಅದು.

ಜಮಖಂಡಿಯ ಹೆಣ್ಣುಮಗಳು ಸ್ಟ್ರಾಸ್‌ಬರ್ಗಿಗೆ ಹೋಗುವಂತಿಲ್ಲ. ಏಷ್ಯಾದಲ್ಲಿ ಅಂಥ ನ್ಯಾಯಾಲಯವೇ ಇಲ್ಲ. ಮಹಿಳೆಯರ ಮೇಲಿನ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1993ರಲ್ಲಿ ಅನುಮೋದನೆ ಕೊಟ್ಟಿತು, ಯಾವುದೇ ಸಮುದಾಯದ ಖಾಸಗಿ ವ್ಯವಹಾರದಲ್ಲಿ ಆ ಸಮುದಾಯವೇ ಮುಂದೆ ಬಂದು ಒಪ್ಪದೆ ಕೈ ಹಾಕುವುದಿಲ್ಲ ಎಂಬ ಘೋಷಣೆಯನ್ನೂ ಜೊತೆಗೇ ಸೇರಿಸಿತು. ಸಮುದಾಯದ ಒಪ್ಪಿಗೆ ಎಂದರೆ ಯಾರ ಒಪ್ಪಿಗೆ? ಪಾಲು ಕೊಡಬೇಕಾದವರದೋ, ಪಡೆಯಬೇಕಾದವರದೋ? ವ್ಯಕ್ತಿಯೊಬ್ಬಳು ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡುವ ಪೂರಕ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಈ ಸೀಮೆಯ ಹೆಣ್ಣಿಗೆ ಮಾನವ ಹಕ್ಕುಗಳ ನ್ಯಾಯಾಲಯ ಎಂದರೆ ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಸಿವಿಲ್ ಕೋರ್ಟು, ಮೇಲೆ ಹೋದರೆ ಧಾರವಾಡದ ಹೈಕೋರ್ಟು ಪೀಠ.

ಮತ್ತೆ ಆ ಕಾಗದಕ್ಕೆ ಬರೋಣ. ಕಾನೂನು ಸಮ ಪಾಲು ಕೊಟ್ಟ ಮನೆಯಲ್ಲೂ ಪಾಲು ಹೋಗುತ್ತಿರುವುದು ಹಕ್ಕು ಬಿಡುಗಡೆ ಪತ್ರದಿಂದ. ನೂರು ರೂಪಾಯಿ ಬಾಂಡಿನ ಮೇಲೆ ಬರೆದು ನೋಂದಣಿ ಮಾಡಿಸದ ಪತ್ರದಿಂದ ಹೊಲ ಮನೆಯ ಹಕ್ಕು ಹೋಗುವುದಿಲ್ಲ. ನೋಂದಣಿಯಾದದ್ದು ಗಟ್ಟಿ. ಮೋಸದಿಂದ, ಒತ್ತಾಯದಿಂದ ಬರೆಸಿಕೊಂಡಿದ್ದರೆ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹಾಕಬಹುದು, ಆದರೆ ಅದನ್ನು ಸಾಬೀತು ಮಾಡುವ ಹೊರೆ ಆಕೆಯ ಮೇಲೆ. ತಂದೆ ಬದುಕಿರುವಾಗ ಅವನ ಸ್ವಂತ ಗಳಿಕೆಯ ಆಸ್ತಿಗೆ ಬರೆಸಿಕೊಂಡ ಬಿಡುಗಡೆಗೆ ಅರ್ಥವಿಲ್ಲ, ಇನ್ನೂ ಬಾರದ ಹಕ್ಕನ್ನು ಬಿಡಲಾಗದು. ಆದರೆ ಅದಕ್ಕೆ ಬದಲಾಗಿ ಹಣ ಪಡೆದಿದ್ದರೆ ಕೋರ್ಟು ಆಕೆಯ ಮಾತನ್ನು ಮುಂದೆ ಕೇಳದೆಯೂ ಹೋಗಬಹುದು. ಸ್ವಂತ ಗಳಿಕೆಯನ್ನು ಹಿಂದೂ ತಂದೆ ಮೃತ್ಯುಪತ್ರ ಬರೆದು ಗಂಡುಮಕ್ಕಳಿಗಷ್ಟೇ ಕೊಟ್ಟರೆ ಮಗಳು ಏನೂ ಮಾಡಲಾರಳು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಸಹಿ ಹಾಕುವವರು ಬಹಳ. ಅವರನ್ನು ತಿಳಿಗೇಡಿಗಳು ಎನ್ನುವುದು ತಪ್ಪು. ಗಂಡನ ಮನೆಯಲ್ಲಿ ನಾಳೆ ಕಷ್ಟ ಬಂದರೆ ಹೋಗಿ ನಿಲ್ಲಲು ಇರುವುದು ಅದೇ ತವರು. ಎರಡು ಎಕರೆ ಕಬ್ಬಿನ ಹೊಲ ಕೇಳಿದರೆ ಪಂಚಮಿಗೆ ಕರೆಯಲು ಬರುವವರಿಲ್ಲ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯವನ್ನು ಹುಟ್ಟಿಸುವವರು ಪ್ರೀತಿಯ ಹೆಸರಿನಲ್ಲಿ ಲೆಕ್ಕ ಮಾಡುತ್ತಿರುತ್ತಾರೆ. ಪಾಲು ಕೇಳಿದ ತಮ್ಮನನ್ನು ಯಾವ ಮನೆಯೂ ಹೊರಗಿಡುವುದಿಲ್ಲ, ಜಗಳವಾಡಿ ಕೊಟ್ಟು ಮತ್ತೆ ಕೂಡಿ ಉಣ್ಣುತ್ತಾರೆ.

ಈಗ ಈ ಪ್ರಶ್ನೆಗೆ ಅವಸರ ಬಂದಿದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಹಿನ್ನೀರಿನಲ್ಲಿ 75,563 ಎಕರೆ ಮುಳುಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ಬೀಳಗಿ, ಜಮಖಂಡಿಯ ನದಿ ದಂಡೆಯ ಮನೆಗಳಿಗೆ ಇದು ಒಮ್ಮೆ ಮಾತ್ರ ಬರುವ ಹಣ. ಹೊಲ ಇರುವ ತನಕ ಹತ್ತು ವರ್ಷ ತಡವಾಗಿಯಾದರೂ ಪಾಲು ಕೇಳಬಹುದು, ಅದು ಎಲ್ಲಿಯೂ ಓಡಿಹೋಗುವುದಿಲ್ಲ. ಹಣ ಹಾಗಲ್ಲ. ಉತಾರದಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ ಬೀಳುತ್ತದೆ, ಮನೆ ಕಟ್ಟಿ, ಟ್ರ್ಯಾಕ್ಟರ್ ಕೊಂಡು, ಸಾಲ ತೀರಿಸಿ ಕರಗುತ್ತದೆ. ಮಗಳು ತನ್ನ ಪಾಲು ಇದೆ ಎಂದು ಭೂಸ್ವಾಧೀನ ಅಧಿಕಾರಿಗೆ ತಕರಾರು ಅರ್ಜಿ ಕೊಟ್ಟರೆ ಹಂಚಿಕೆಯ ವಿವಾದವನ್ನು ಪ್ರಾಧಿಕಾರದ ತೀರ್ಮಾನಕ್ಕೆ ಕಳಿಸುವ ವ್ಯವಸ್ಥೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿದೆ. ಆ ಅರ್ಜಿ ಹಣ ಸಂದಾಯವಾಗುವ ಮೊದಲು ಹೋಗಬೇಕು. ನೋಟಿಸು ಅಂಟಿಸುವುದು ತವರೂರಿನ ಪಂಚಾಯಿತಿ ಗೋಡೆಗೆ, ಮಗಳು ಇರುವುದು ಗಂಡನ ಊರಿನಲ್ಲಿ. ಮುಂದಿನ ಪಂಚಮಿಗೆ ತವರಿಗೆ ಹೋದವಳು ಜೋಕಾಲಿ ಆಡಿ ಬಂದ ಮೇಲೆ ಒಮ್ಮೆ ಆ ಗೋಡೆಯ ಹತ್ತಿರವೂ ಹೋಗಿ, ಅಂಟಿಸಿದ ಕಾಗದದಲ್ಲಿ ಅಪ್ಪನ ಸರ್ವೆ ನಂಬರು ಇದೆಯೋ ನೋಡಲಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ತನ್ನ ಮಗಳನ್ನು ಕರೆದುಕೊಂಡು ಹೋಗಲಿ.